ಬೋರ್ಡೋ ದ್ರಾವಣಕ್ಕೆ ವೇಲೆನ್ಸಿ ಲೆಕ್ಕ: ಎಷ್ಟು ಸುಣ್ಣ, ಯಾವ ಡ್ರಮ್, ಕತ್ತಿ ಯಾಕೆ ಕೆಂಪಾಗುತ್ತದೆ

ಮಲೆನಾಡು, ಕರಾವಳಿಯ ಅಡಿಕೆ ತೋಟದವರಿಗೆ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋದ ಅಳತೆ ಬಾಯಿಪಾಠ: 1 ಕಿಲೊ ಮೈಲುತುತ್ತ (ತಾಮ್ರದ ಸಲ್ಫೇಟ್), 1 ಕಿಲೊ ಸುಣ್ಣ, 100 ಲೀಟರ್ ನೀರು. ಆದರೆ ಕಾಗದ ಪೆನ್ಸಿಲ್ ಹಿಡಿದು ಕೂತರೆ, 1 ಕಿಲೊ ಮೈಲುತುತ್ತಕ್ಕೆ ಶುದ್ಧ ಸುಟ್ಟ ಸುಣ್ಣ ಬರೀ 224 ಗ್ರಾಂ ಸಾಕು ಎಂದು ಲೆಕ್ಕ ಬರುತ್ತದೆ. ಹಾಗಾದರೆ ಉಳಿದ ಮುಕ್ಕಾಲು ಕಿಲೊ ಯಾಕೆ? ಇನ್ನೊಂದು ಗೊಂದಲವೂ ಇದೆ. ಕಬ್ಬಿಣದ ಪಾತ್ರೆಯಲ್ಲಿ ಈ ದ್ರಾವಣ ಮಾಡಬೇಡಿ ಎನ್ನುವವರೇ ಕೊನೆಗೆ ಕಬ್ಬಿಣದ ಕತ್ತಿಯನ್ನು ಅದರಲ್ಲಿ ಅದ್ದಿ ನೋಡಿ ಎನ್ನುತ್ತಾರೆ.

ಮೊದಲ ಪ್ರಶ್ನೆಗೆ ಉತ್ತರ ವೇಲೆನ್ಸಿಯಲ್ಲಿ (ಒಂದು ಧಾತು ಎಷ್ಟು ಬಂಧ ಕಟ್ಟುತ್ತದೆ ಎಂಬ ಅಂಕಿ) ಸಿಗುತ್ತದೆ, ಎರಡನೆಯದಕ್ಕೆ ಲೋಹಗಳ ಕ್ರಿಯಾಶೀಲತೆಯಲ್ಲಿ. ಇವೆರಡೂ ಒಂದೇ ಎಂದುಕೊಂಡು ಪರೀಕ್ಷೆ ಬರೆಯುವ ಮಕ್ಕಳು ಬಹಳ. ವೇಲೆನ್ಸಿ ಹೆಚ್ಚಾದಷ್ಟೂ ಧಾತು ಜೋರು ಎಂಬ ನಿಯಮ ಎಲ್ಲೂ ಇಲ್ಲ. ಸೋಡಿಯಂನ ವೇಲೆನ್ಸಿ 1, ನೀರಿಗೆ ಬಿದ್ದರೆ ಹೊತ್ತಿಕೊಳ್ಳುತ್ತದೆ. ಚಿನ್ನದ್ದು 3 ಇರಬಹುದು, ಅಜ್ಜಿಯ ಬಳೆ ಇನ್ನೂ ಹಾಗೇ ಹೊಳೆಯುತ್ತದೆ. ಎಷ್ಟಕ್ಕೆ ಎಷ್ಟು ಎಂಬುದು ವೇಲೆನ್ಸಿಯ ಮಾತು. ಯಾವ ಲೋಹ ಯಾವುದನ್ನು ಹೊರಗೆ ದಬ್ಬುತ್ತದೆ ಎಂಬುದು ಕ್ರಿಯಾಶೀಲತೆಯ ಮಾತು. ಬೋರ್ಡೋದ ಡ್ರಮ್ಮಿನಲ್ಲಿ ಎರಡೂ ಕಣ್ಣಿಗೆ ಕಾಣುವುದರಿಂದ, ತೋಟದವರಿಗೂ ಹೈಸ್ಕೂಲಿನವರಿಗೂ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಸೂತ್ರ ಕಟ್ಟುವುದು

ಡ್ರಮ್ಮಿನಲ್ಲಿ ಇರುವವರು ನಾಲ್ಕೇ ಜನ. ತಾಮ್ರ, ವೇಲೆನ್ಸಿ 2. ಕ್ಯಾಲ್ಸಿಯಂ, 2. ಸಲ್ಫೇಟ್ ಗುಂಪು, 2. ಹೈಡ್ರಾಕ್ಸೈಡ್ ಗುಂಪು, 1. ಮೊದಲೆರಡು ಧನ, ಕೊನೆಯೆರಡು ಋಣ. ಧನದ ಒಟ್ಟು ಋಣದ ಒಟ್ಟಿಗೆ ಸಮವಾದರೆ ಸೂತ್ರ ಸರಿ.

ತಾಮ್ರಕ್ಕೆ ಸಲ್ಫೇಟ್ ಸೇರಿದರೆ 2ಕ್ಕೆ 2, ಅಂದರೆ ಒಂದಕ್ಕೆ ಒಂದು. ಅದು ಮೈಲುತುತ್ತ. ತಾಮ್ರಕ್ಕೆ ಹೈಡ್ರಾಕ್ಸೈಡ್ ಸೇರಬೇಕಾದರೆ 2ಕ್ಕೆ 1, ಹಾಗಾಗಿ ಒಂದು ತಾಮ್ರಕ್ಕೆ ಎರಡು ಹೈಡ್ರಾಕ್ಸೈಡ್. ಅರಳಿದ ಸುಣ್ಣದಲ್ಲೂ (ಸುಟ್ಟ ಸುಣ್ಣಕ್ಕೆ ನೀರು ಸೇರಿದ್ದು) ಒಂದು ಕ್ಯಾಲ್ಸಿಯಂ, ಎರಡು ಹೈಡ್ರಾಕ್ಸೈಡ್. ಇಬ್ಬರೂ ಜೋಡಿ ಬದಲಿಸಿಕೊಂಡಾಗ:

ತಾಮ್ರದ ಸಲ್ಫೇಟ್ + ಕ್ಯಾಲ್ಸಿಯಂ ಹೈಡ್ರಾಕ್ಸೈಡ್ → ತಾಮ್ರದ ಹೈಡ್ರಾಕ್ಸೈಡ್ + ಕ್ಯಾಲ್ಸಿಯಂ ಸಲ್ಫೇಟ್

ತಾಮ್ರ, ಕ್ಯಾಲ್ಸಿಯಂ ಎರಡರದ್ದೂ ವೇಲೆನ್ಸಿ 2 ಆಗಿರುವುದರಿಂದ ಯಾವ ಕಡೆಯೂ ಗುಣಿಸುವ ಕೆಲಸವಿಲ್ಲ, ಒಂದು ಅಣುವಿಗೆ ಒಂದು ಅಣು. ಕ್ಯಾಲ್ಸಿಯಂ ಸಲ್ಫೇಟ್ ಎಂದರೆ ಜಿಪ್ಸಮ್. ನೀಲಿ ಲೋಳೆಯಂತೆ ಕಾಣುವುದು ತಾಮ್ರದ ಹೈಡ್ರಾಕ್ಸೈಡ್, ಅಡಿಕೆಯ ಕೊನೆಗೆ (ಗೊನೆಗೆ) ಅಂಟಬೇಕಾದದ್ದು ಅದು.

ತಾಮ್ರಕ್ಕೆ 2 ಎಲ್ಲಿಂದ ಬಂತು ಎಂಬುದರಲ್ಲಿ ಒಂದು ತೊಡಕಿದೆ. ಹೊರಕವಚದ ಎಲೆಕ್ಟ್ರಾನ್ ಎಣಿಸಿ ವೇಲೆನ್ಸಿ ಹೇಳುವ ಶಾಲೆಯ ಉಪಾಯ ತಾಮ್ರಕ್ಕೆ ನಡೆಯದು. ತಾಮ್ರದ ಹೊರಕವಚದಲ್ಲಿ ಇರುವುದು ಒಂದೇ ಎಲೆಕ್ಟ್ರಾನ್. ಒಳಗಿನ ಕವಚದಿಂದ ಇನ್ನೊಂದು ಹೋಗುತ್ತದೆ, ಅದಕ್ಕೇ ತಾಮ್ರಕ್ಕೆ 1 ಮತ್ತು 2 ಎರಡೂ ವೇಲೆನ್ಸಿ. ನೀರಿನ ದ್ರಾವಣದಲ್ಲಿ ನಿಲ್ಲುವುದು 2. ಒಂದರ ತಾಮ್ರವನ್ನು ನೋಡಬೇಕೆಂದರೆ ಕೆಂಪು ಕ್ಯೂಪ್ರಸ್ ಆಕ್ಸೈಡ್ ಇದೆ. ಅಲ್ಲಿ ಒಂದು ಆಮ್ಲಜನಕಕ್ಕೆ ಎರಡು ತಾಮ್ರ. ಅಂಗಡಿಯಲ್ಲಿ ಸಿಗುವ ಕಾಪರ್ ಆಕ್ಸಿಕ್ಲೋರೈಡ್ ಪುಡಿಯಲ್ಲಿ ಮತ್ತೆ 2: ನಾಲ್ಕು ತಾಮ್ರಕ್ಕೆ ಆರು ಹೈಡ್ರಾಕ್ಸೈಡ್, ಎರಡು ಕ್ಲೋರೈಡ್. ಧನ 8, ಋಣ 6 ಮತ್ತು 2 ಸೇರಿ 8. ಲೆಕ್ಕ ಕೂಡಿಬಂತು.

ಸೂತ್ರದಿಂದ ತೂಕಕ್ಕೆ

ಮೈಲುತುತ್ತದ ಹರಳಿನಲ್ಲಿ ಐದು ಅಣು ನೀರು ಕೂತಿದೆ, ಇದನ್ನು ಮರೆತರೆ ಲೆಕ್ಕ ಪೂರ್ತಿ ತಪ್ಪುತ್ತದೆ. ಪರಮಾಣು ತೂಕದ ಲೆಕ್ಕದಲ್ಲಿ ತಾಮ್ರ 63.5, ಗಂಧಕ 32, ನಾಲ್ಕು ಆಮ್ಲಜನಕ 64, ಐದು ನೀರು 90. ಒಟ್ಟು 249.5. ಅಂದರೆ 1 ಕಿಲೊ ಹರಳಿನಲ್ಲಿ ತಾಮ್ರ 254 ಗ್ರಾಂ ಮಾತ್ರ, ಅದಕ್ಕಿಂತ ಹೆಚ್ಚು ನೀರೇ (360 ಗ್ರಾಂ) ಇದೆ. ಅರಳಿದ ಸುಣ್ಣ 40 + 34 = 74. ಸುಟ್ಟ ಸುಣ್ಣ 40 + 16 = 56.

249.5 ಗ್ರಾಂ ಹರಳಿಗೆ 74 ಗ್ರಾಂ ಅರಳಿದ ಸುಣ್ಣ ಬೇಕಾದರೆ 1000 ಗ್ರಾಂಗೆ 297 ಗ್ರಾಂ. ಸುಟ್ಟ ಸುಣ್ಣವಾದರೆ 56ರ ಲೆಕ್ಕದಲ್ಲಿ 224 ಗ್ರಾಂ. ನಿಜ ಹೇಳಬೇಕೆಂದರೆ ಇದಕ್ಕಿಂತ ಕಡಿಮೆಯಲ್ಲೇ, ಹೆಚ್ಚುಕಡಿಮೆ ಮುಕ್ಕಾಲು ಪಾಲು ಸುಣ್ಣ ಬೀಳುವಾಗಲೇ, ಬಹುತೇಕ ತಾಮ್ರ ಕೆಳಗೆ ಇಳಿದಿರುತ್ತದೆ. ಆದರೆ ಆಗ ಸಿಗುವುದು ಶುದ್ಧ ಹೈಡ್ರಾಕ್ಸೈಡ್ ಅಲ್ಲ, ಸಲ್ಫೇಟನ್ನೂ ಹಿಡಿದುಕೊಂಡ ಹಸಿರು ಛಾಯೆಯ ಮಿಶ್ರ ಲವಣ.

ಹಾಗಿದ್ದೂ 1 ಕಿಲೊ ಸುಣ್ಣ ಹಾಕುವುದಕ್ಕೆ ಕಾರಣಗಳಿವೆ. ಪೇಟೆಯ ಸುಣ್ಣ ಶುದ್ಧವಲ್ಲ. ಸರಿಯಾಗಿ ಸುಡದ ಕಲ್ಲು, ಮರಳು, ಗಾಳಿ ಕುಡಿದು ಮತ್ತೆ ಸುಣ್ಣಕಲ್ಲಾಗಿ ತಿರುಗಿದ ಪಾಲು ಎಲ್ಲ ಅದರಲ್ಲೇ ಇರುತ್ತದೆ. ಜೊತೆಗೆ ಅರಳಿದ ಸುಣ್ಣ ನೀರಿನಲ್ಲಿ ಕರಗುವುದೇ ಕಡಿಮೆ. ಲೀಟರಿಗೆ ಹತ್ತಿರ ಹತ್ತಿರ 1.7 ಗ್ರಾಂ. 100 ಲೀಟರಿನಲ್ಲಿ 170 ಗ್ರಾಂ ಕರಗಿ ಉಳಿದದ್ದು ಹಾಲಿನಂತೆ ತೇಲುತ್ತಿರುತ್ತದೆ, ಕರಗಿದ್ದು ಖರ್ಚಾದಂತೆ ನಿಧಾನಕ್ಕೆ ಕರಗುತ್ತ ಹೋಗುತ್ತದೆ. ಕಣದ ಹೊಟ್ಟೆಯೊಳಗಿನ ಸುಣ್ಣಕ್ಕೆ ತಾಮ್ರ ಮುಟ್ಟುವ ಮೊದಲೇ ಮೇಲೆ ನೀಲಿ ಪೊರೆ ಕಟ್ಟಿಕೊಳ್ಳುವುದೂ ಉಂಟು. ಮೂರನೆಯದಾಗಿ, ಹೆಚ್ಚಿನ ಸುಣ್ಣ ಒಂದು ಭದ್ರತೆ. ಬಿಡಿ ತಾಮ್ರ (ಸುಣ್ಣ ಸಿಗದೆ ಕರಗಿಯೇ ಉಳಿದದ್ದು) ಉಳಿದರೆ ಎಲೆ, ಎಳೆಕಾಯಿ ಸುಟ್ಟುಹೋಗುತ್ತವೆ. ಸುಣ್ಣ ಉಳಿದರೆ ಅಂಥ ನಷ್ಟವಿಲ್ಲ. ತಪ್ಪುವುದಾದರೆ ಸುಣ್ಣದ ಕಡೆಗೇ ತಪ್ಪಲಿ ಎಂಬ ಲೆಕ್ಕ ಇದು. ಸುಣ್ಣ ತಾಜಾ ಇದ್ದು ಒಳ್ಳೆಯದಾಗಿದ್ದರೆ ಅರ್ಧ ಕಿಲೊಗೂ ಕತ್ತಿ ಪರೀಕ್ಷೆ ಪಾಸಾಗಬಹುದು. ಆದರೂ ಕಡಿಮೆ ಮಾಡಿ ಉಳಿಸುವುದು ಕೆಲವೇ ರೂಪಾಯಿ, ಕೆಡುವುದು ಇಡೀ ತೋಟದ ಅಡಿಕೆ ಕೊನೆ.

ಕ್ರಿಯಾಶೀಲತೆ: ಪಾತ್ರೆಯ ಪ್ರಶ್ನೆ

ಹತ್ತನೇ ತರಗತಿಯ ಸರಣಿಯಲ್ಲಿ ನಮಗೆ ಬೇಕಾದ ಭಾಗ ಇಷ್ಟು, ಮೇಲಿನಿಂದ ಕೆಳಕ್ಕೆ: ಮೆಗ್ನೀಷಿಯಂ, ಅಲ್ಯೂಮಿನಿಯಂ, ಸತು, ಕಬ್ಬಿಣ, ಸೀಸ, ಹೈಡ್ರೋಜನ್, ತಾಮ್ರ, ಬೆಳ್ಳಿ, ಚಿನ್ನ. ಮೇಲಿರುವ ಲೋಹ ಕೆಳಗಿರುವುದನ್ನು ಅದರ ಲವಣದ ದ್ರಾವಣದಿಂದ ಹೊರಹಾಕುತ್ತದೆ. ಇದಕ್ಕೆ ಅಂಕಿಯೂ ಇದೆ. ಹೈಡ್ರೋಜನ್ನನ್ನು ಸೊನ್ನೆ ಎಂದಿಟ್ಟರೆ ಅಲ್ಯೂಮಿನಿಯಂ −1.66 ವೋಲ್ಟ್, ಸತು −0.76, ಕಬ್ಬಿಣ −0.44, ತಾಮ್ರ +0.34, ಬೆಳ್ಳಿ +0.80. ಎರಡರ ನಡುವಿನ ಅಂತರ ದೊಡ್ಡದಾದಷ್ಟೂ ಪಲ್ಲಟದ ಒತ್ತಡ ಹೆಚ್ಚು: ಕಬ್ಬಿಣ–ತಾಮ್ರಕ್ಕೆ 0.78, ಸತು–ತಾಮ್ರಕ್ಕೆ 1.10.

ಸತು, ಕಬ್ಬಿಣ, ತಾಮ್ರ ಮೂರೂ ಇಲ್ಲಿ ವೇಲೆನ್ಸಿ 2 ಎಂಬುದನ್ನು ಗಮನಿಸಿ. ವೇಲೆನ್ಸಿ ಒಂದೇ, ಸ್ಥಾನ ಬೇರೆ ಬೇರೆ. ಎಷ್ಟು ಎಲೆಕ್ಟ್ರಾನ್ ಕೊಡುತ್ತದೆ ಎಂಬುದಕ್ಕೂ ಎಷ್ಟು ಸಲೀಸಾಗಿ ಕೊಡುತ್ತದೆ ಎಂಬುದಕ್ಕೂ ಸಂಬಂಧ ಹಚ್ಚಬಾರದು ಎನ್ನುವುದು ಇದಕ್ಕೇ.

ಆದರೆ ಒಮ್ಮೆ ಪಲ್ಲಟ ಶುರುವಾದರೆ ನಷ್ಟದ ಅಳತೆಯನ್ನು ಮತ್ತೆ ವೇಲೆನ್ಸಿಯೇ ಹೇಳಬೇಕು. ಪರಮಾಣು ತೂಕವನ್ನು ವೇಲೆನ್ಸಿಯಿಂದ ಭಾಗಿಸಿ. ಬರುವುದು ಸಮಾನ ತೂಕ. ತಾಮ್ರ 31.75, ಸತು 32.7, ಕಬ್ಬಿಣ 28, ಅಲ್ಯೂಮಿನಿಯಂ (27ನ್ನು 3ರಿಂದ ಭಾಗಿಸಿ) 9. ಜಿ.ಐ. (ಸತು ಲೇಪಿಸಿದ ಕಬ್ಬಿಣ) ಬಕೆಟಿನಿಂದ 10 ಗ್ರಾಂ ಸತು ಕರಗಿದರೆ 38 ಗ್ರಾಂ ಮೈಲುತುತ್ತದ ತಾಮ್ರ ಬಕೆಟಿನ ಗೋಡೆಗೆ ಕಪ್ಪು ಮಸಿಯಾಗಿ ಅಂಟಿ ಹೋಗುತ್ತದೆ. 10 ಗ್ರಾಂ ಕಬ್ಬಿಣಕ್ಕೆ 45 ಗ್ರಾಂ. ಹಗುರ ಮೈ, ವೇಲೆನ್ಸಿ 3 ಇರುವ ಅಲ್ಯೂಮಿನಿಯಂ 10 ಗ್ರಾಂ ಹೋದರೆ 139 ಗ್ರಾಂ ಮೈಲುತುತ್ತ ಹಾಳು. ಪಾತ್ರೆಗೂ ತೂತು, ಮದ್ದಿಗೂ ತೂತು.

ಅಲ್ಯೂಮಿನಿಯಂ ಪಾತ್ರೆಯಲ್ಲಿ ಮೈಲುತುತ್ತ ಇಟ್ಟೆ, ಏನೂ ಆಗಲಿಲ್ಲ ಎನ್ನುವವರೂ ಸುಳ್ಳು ಹೇಳುತ್ತಿಲ್ಲ. ಅದರ ಮೇಲೆ ಕಣ್ಣಿಗೆ ಕಾಣದ ಆಕ್ಸೈಡ್ ಪೊರೆ ಇದೆ, ಸಲ್ಫೇಟ್ ಅದನ್ನು ಬೇಗ ಮುರಿಯದು. ಆದರೆ ಒಂದು ಚಿಟಿಕೆ ಉಪ್ಪು ಬಿದ್ದರೆ ಕ್ಲೋರೈಡ್ ಪೊರೆಯನ್ನು ಕೊರೆಯುತ್ತದೆ, ಮತ್ತೆ ನೊರೆ, ಬಿಸಿ, ಕೆಂಪು ತಾಮ್ರ ಒಟ್ಟೊಟ್ಟಿಗೆ ಏಳುತ್ತವೆ. ಸುಣ್ಣದ ತಿಳಿಯಂತೂ ಆ ಪೊರೆಯನ್ನೇ ಕರಗಿಸಿ ಅಲ್ಯೂಮಿನಿಯಂ ತಿಂದು ಹೈಡ್ರೋಜನ್ ಅನಿಲ ಬಿಡುತ್ತದೆ. ಹಾಗಾಗಿ ಮೈಲುತುತ್ತದ ಕಡೆ ಕಬ್ಬಿಣ, ಜಿ.ಐ., ಅಲ್ಯೂಮಿನಿಯಂ ಮೂರೂ ಬೇಡ. ಸುಣ್ಣದ ಕಡೆ ಅಲ್ಯೂಮಿನಿಯಂ, ಜಿ.ಐ. ಬೇಡ, ಬರೀ ಕಬ್ಬಿಣ ಆಗಬಹುದು. ಕ್ಷಾರದಲ್ಲಿ ಕಬ್ಬಿಣಕ್ಕೆ ರಕ್ಷಣೆಯೇ ಸಿಗುತ್ತದೆ. ಪ್ಲಾಸ್ಟಿಕ್ ಡ್ರಮ್ ಎರಡಕ್ಕೂ ಸರಿ. ಒಂದೇ ಎಚ್ಚರ: ಸುಟ್ಟ ಸುಣ್ಣವನ್ನು ತೆಳು ಪ್ಲಾಸ್ಟಿಕ್ ಬಕೆಟಿನಲ್ಲಿ ಅರಳಿಸಿದರೆ ಬುಡ ಮೆತ್ತಗಾಗಿ ಸೊಟ್ಟಗಾಗುತ್ತದೆ.

ಸಾಮಾನು ಪರೀಕ್ಷೆ

ಮೈಲುತುತ್ತದ ಹರಳು ಗಾಢ ನೀಲಿ ಇರಬೇಕು. ಮೇಲೆ ಬಿಳಿ ಹಿಟ್ಟು ಕಂಡರೆ ನೀರು ಆರಿದೆ ಅಷ್ಟೆ, ತಾಮ್ರ ಎಲ್ಲಿಗೂ ಹೋಗಿಲ್ಲ. ಹಸಿರು ಕಂಡರೆ ಅನುಮಾನಿಸಿ. ಅನ್ನಭೇದಿ, ಅಂದರೆ ಕಬ್ಬಿಣದ ಸಲ್ಫೇಟ್, ಅಗ್ಗ. ಬೆರಕೆಗೆ ಅದೇ ಸುಲಭ. ಪರೀಕ್ಷಿಸುವುದು ಹೀಗೆ: ಗಾಜಿನ ಲೋಟದಲ್ಲಿ 100 ಮಿ.ಲೀ. ನೀರಿಗೆ 5 ಗ್ರಾಂ ಹರಳು ಕರಗಿಸಿ. ಅದರಲ್ಲಿ ಎರಡು ಚಮಚ ಬೇರೆ ತೆಗೆದು ಅಮೋನಿಯಾ ದ್ರಾವಣವನ್ನು ಹನಿಹನಿಯಾಗಿ ಬಿಡಿ. ಮೊದಲು ತಿಳಿನೀಲಿ ಪ್ರಕ್ಷೇಪ ಬರುತ್ತದೆ, ಇನ್ನೂ ಬಿಟ್ಟರೆ ಅದು ಕರಗಿ ಗಾಢ ನೀಲಿ ತಿಳಿಯಾಗುತ್ತದೆ. ಶುದ್ಧ ತಾಮ್ರ ಲವಣ ಅಲ್ಲಿಗೇ ನಿಲ್ಲುತ್ತದೆ. ಕಬ್ಬಿಣ ಸೇರಿದ್ದರೆ ಕೊಳಕು ಹಸಿರು ಅಥವಾ ತುಕ್ಕು ಬಣ್ಣದ ಚೂರುಗಳು ಕರಗದೆ ಉಳಿದು ತಳಕ್ಕೆ ಇಳಿಯುತ್ತವೆ. ಅಮೋನಿಯಾ ಕೆಲಸ ಗಾಳಿಯಾಡುವ ಕಡೆ ಇರಲಿ.

ಸುಣ್ಣಕ್ಕೆ ಇನ್ನೂ ಸುಲಭ. ಒಂದು ಚಮಚ ಸುಣ್ಣಕ್ಕೆ ಲಿಂಬೆರಸ ಹಿಂಡಿ. ಬುಸುಬುಸು ನೊರೆ ಬಂದರೆ ಅದು ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿದೆ. ಅದು ತುಂಬ ನಿಧಾನಕ್ಕೆ ಕರಗುವುದರಿಂದ ನಮ್ಮ ಕೆಲಸಕ್ಕೆ ಬಾರದು. ತೆರೆದ ಚೀಲದಲ್ಲಿ ಹೋದ ವರ್ಷದಿಂದ ಬಿದ್ದಿರುವ ಸುಣ್ಣದ ಪುಡಿ ಹೆಚ್ಚಾಗಿ ಈ ಜಾತಿ. ಚಿಪ್ಪುಸುಣ್ಣವಾಗಲಿ ಕಲ್ಲುಸುಣ್ಣವಾಗಲಿ ರಸಾಯನಕ್ಕೆ ವ್ಯತ್ಯಾಸವಿಲ್ಲ. ಉಂಡೆಯಾಗಿದ್ದು, ನೀರು ಬಿದ್ದೊಡನೆ ಬಿರಿದು ಹಬೆಯಾಡಿದರೆ ಒಳ್ಳೆಯದು.

ಮಾಡುವ ವಿಧಾನ, 100 ಲೀಟರ್ ಲೆಕ್ಕ

ಹಿಂದಿನ ರಾತ್ರಿಯೇ ಮೈಲುತುತ್ತ ನೆನೆಸಿ. 1 ಕಿಲೊ ಹರಳನ್ನು ಗೋಣಿ ಅಥವಾ ತೆಳು ಬಟ್ಟೆಯಲ್ಲಿ ಕಟ್ಟಿ, 10 ಲೀಟರ್ ನೀರಿರುವ ಪ್ಲಾಸ್ಟಿಕ್ ಬಕೆಟಿನ ಬಾಯಿಗೆ ಕೋಲಿಟ್ಟು, ಗಂಟು ನೀರಿನ ಮೇಲ್ಭಾಗದಲ್ಲಿ ಮುಳುಗುವಂತೆ ತೂಗುಬಿಡಿ. ತಳಕ್ಕೆ ಸುರಿದರೆ ಭಾರದ ದ್ರಾವಣ ಹರಳಿನ ಸುತ್ತಲೇ ನಿಂತು ಕರಗುವುದೇ ಇಲ್ಲ. ಮೇಲೆ ಕಟ್ಟಿದರೆ ಕರಗಿದ್ದು ತಾನಾಗಿ ಕೆಳಗಿಳಿದು ಹೊಸ ನೀರು ಹರಳಿಗೆ ತಾಗುತ್ತದೆ. ಅವಸರಕ್ಕೆ ಬಿಸಿನೀರು ಹಾಕಿದರೂ ಅಡ್ಡಿಯಿಲ್ಲ, ಆದರೆ ಬೆರೆಸುವ ಮೊದಲು ಪೂರ್ತಿ ತಣಿಯಬೇಕು. ಬೆಳಿಗ್ಗೆ ಇದನ್ನು 50 ಲೀಟರಿಗೆ ಏರಿಸಿ.

ಸುಣ್ಣ 1 ಕಿಲೊ. ಸುಟ್ಟ ಸುಣ್ಣವಾದರೆ ದಪ್ಪ ಪಾತ್ರೆಯಲ್ಲಿ ಹರಡಿ, ಸ್ವಲ್ಪ ಸ್ವಲ್ಪವೇ ನೀರು ಚಿಮುಕಿಸಿ. ಲೆಕ್ಕದ ಪ್ರಕಾರ 1 ಕಿಲೊಗೆ 320 ಮಿ.ಲೀ. ನೀರು ಸಾಕು, ಆದರೆ ಹಬೆಯಾಗಿ ಹೋಗುವುದೇ ಬಹಳ, ಹಾಗಾಗಿ ಒಂದು ಲೀಟರಿನಷ್ಟು ಹಿಡಿಯುತ್ತದೆ. ಶುದ್ಧ ಸುಣ್ಣ 1 ಕಿಲೊ ಅರಳುವಾಗ ಹುಟ್ಟುವ ಬಿಸಿ ಮೂರೂವರೆ ಲೀಟರ್ ತಣ್ಣೀರನ್ನು ಕುದಿಯುವ ಹಂತಕ್ಕೆ ತರುವಷ್ಟು. ಮುಖ ಬಗ್ಗಿಸಬೇಡಿ, ಕನ್ನಡಕ ಹಾಕಿ, ಮಕ್ಕಳು ದೂರವಿರಲಿ. ಕಣ್ಣಿಗೆ ಹಾರಿದರೆ ಲಿಂಬೆ, ವಿನೆಗರ್ ಏನೂ ಹಚ್ಚದೆ, ಸುಣ್ಣದ ಚೂರು ಕಂಡರೆ ತೆಗೆದು, ಹರಿಯುವ ನೀರಿನಲ್ಲಿ 20 ನಿಮಿಷ ತೊಳೆದು ನೇರ ಆಸ್ಪತ್ರೆಗೆ. ಅರಳಿದ ಮೇಲೆ ನೀರು ಸೇರಿಸಿ ಹಾಲು ಮಾಡಿ, ತಣಿಸಿ, ಬಟ್ಟೆಯಲ್ಲಿ ಸೋಸಿ, ಇನ್ನೊಂದು ದೊಡ್ಡ ಡ್ರಮ್ಮಿನಲ್ಲಿ 50 ಲೀಟರ್ ಮಾಡಿ. ಸೋಸದಿದ್ದರೆ ನಾಜಲ್ ಕಟ್ಟುವುದು ಇದೇ ಕಲ್ಲುಚೂರಿನಿಂದ.

ಈಗ ಮೈಲುತುತ್ತದ ದ್ರಾವಣವನ್ನು ಸಣ್ಣ ಧಾರೆಯಾಗಿ ಸುಣ್ಣದ ಹಾಲಿಗೆ ಸುರಿಯಿರಿ. ಒಬ್ಬರು ಸುರಿಯುತ್ತಿದ್ದರೆ ಇನ್ನೊಬ್ಬರು ಮರದ ಕೋಲಿನಿಂದ ಬಿಡದೆ ತಿರುಗಿಸಬೇಕು. ಸುಣ್ಣವನ್ನು ಮೈಲುತುತ್ತಕ್ಕೆ ಹಾಕಬೇಡಿ. ಸುಣ್ಣದ ಹಾಲಿಗೆ ಬಿದ್ದ ಪ್ರತಿ ಹನಿ ತಾಮ್ರವೂ ಸುತ್ತಲೂ ಧಾರಾಳ ಹೈಡ್ರಾಕ್ಸೈಡ್ ಇರುವ ಕಡೆ ಬಿದ್ದಂತಾಗಿ, ತಕ್ಷಣ ನುಣುಪಾದ ಲೋಳೆಯಾಗುತ್ತದೆ. ಉಲ್ಟಾ ಮಾಡಿದರೆ ಬಹುಹೊತ್ತು ತಾಮ್ರವೇ ಹೆಚ್ಚಿದ್ದು, ಹಸಿರು ಛಾಯೆಯ ದಪ್ಪ ಕಣ ಮೊದಲು ಹುಟ್ಟಿ ಬೇಗ ತಳ ಸೇರುತ್ತದೆ. ಎರಡನ್ನೂ ಒಟ್ಟಿಗೆ ಮೂರನೇ ಡ್ರಮ್ಮಿಗೆ ಸುರಿಯುವವರೂ ಇದ್ದಾರೆ, ಅದೂ ಸರಿ. ಎರಡೂ ಗಟ್ಟಿ ದ್ರಾವಣ ಬೆರೆಸಿ ಆಮೇಲೆ ನೀರು ಹಾಕುವುದು ಮಾತ್ರ ಸರಿಯಲ್ಲ. ಕಣ ದಪ್ಪವಾಗುತ್ತದೆ, ಎಲೆಯ ಮೇಲೆ ನಿಲ್ಲದು.

ಸರಿಯಾದದ್ದು ಆಕಾಶ ನೀಲಿ, ಮೊಸರಿನಷ್ಟು ನುಣುಪು, ಲೋಟದಲ್ಲಿಟ್ಟರೆ ನಿಧಾನಕ್ಕೆ ಇಳಿಯುವಂಥದ್ದು. 10 ಲೀಟರಿಗೆ ಬೇಕಾದರೆ 100 ಗ್ರಾಂ, 100 ಗ್ರಾಂ. ಕಾಫಿ ಎಲೆ ತುಕ್ಕಿಗೆ ಬಳಸುವ 0.5 ಶೇಕಡಾದ್ದಕ್ಕೆ ಇದರ ಅರ್ಧ. ಮರದ ಗಾಯಕ್ಕೆ ಬಳಿಯುವ 10 ಶೇಕಡಾ ಪೇಸ್ಟಿಗೆ 1 ಕಿಲೊ, 1 ಕಿಲೊ, 10 ಲೀಟರ್.

ಕತ್ತಿ ಪರೀಕ್ಷೆ

ಕಬ್ಬಿಣ + ತಾಮ್ರದ ಸಲ್ಫೇಟ್ → ಕಬ್ಬಿಣದ ಸಲ್ಫೇಟ್ + ತಾಮ್ರ

ತೋಟದಲ್ಲಿ ತಲೆಮಾರುಗಳಿಂದ ನಡೆದುಬಂದ ಈ ಪರೀಕ್ಷೆ ಪಾಠದ ಸ್ಥಾನಪಲ್ಲಟ ಕ್ರಿಯೆಯೇ, ಬೇರೇನಲ್ಲ. ಕತ್ತಿಯ ಅಲಗನ್ನು ಮರಳು ಕಾಗದದಿಂದ ಉಜ್ಜಿ ಬಿಳಿ ಹೊಳಪು ಬರಿಸಿ. ಎಣ್ಣೆ, ತುಕ್ಕು ಇರಬಾರದು. ದ್ರಾವಣವನ್ನು ಒಮ್ಮೆ ಕಲಕಿ, ಅಲಗನ್ನು ಐದು ನಿಮಿಷ ಮುಳುಗಿಸಿ ತೆಗೆದು, ನೀರಿನಲ್ಲಿ ತೊಳೆದು ಬೆಳಕಿಗೆ ಹಿಡಿಯಿರಿ. ಅಲಗು ಹಾಗೇ ಇದ್ದರೆ ಸರಿ. ಕೆಂಪು ಅಥವಾ ತಾಮ್ರದ ಬಣ್ಣ ಹತ್ತಿದ್ದರೆ ಬಿಡಿ ತಾಮ್ರ ಉಳಿದಿದೆ. 100 ಗ್ರಾಂ ಸುಣ್ಣವನ್ನು ಹಾಲು ಮಾಡಿ ಸೋಸಿ ಸೇರಿಸಿ, ಕಲಕಿ, ಅಲಗನ್ನು ಮತ್ತೆ ಉಜ್ಜಿ ಮತ್ತೆ ಅದ್ದಿ.

ಇಲ್ಲಿ ಎಡವುವುದು ಹೆಚ್ಚಾಗಿ ಎರಡು ಕಡೆ. ಸ್ಟೀಲ್ ಚಾಕು ಅದ್ದಿ ಕೆಂಪಾಗಲಿಲ್ಲ ಎಂದು ನೆಮ್ಮದಿಪಡುವುದು ಮೊದಲನೆಯದು. ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಕ್ರೋಮಿಯಂ ಆಕ್ಸೈಡಿನ ಪೊರೆ ಇರುವುದರಿಂದ ಅದು ತಪ್ಪು ದ್ರಾವಣಕ್ಕೂ ಸುಮ್ಮನಿರುತ್ತದೆ. ಅಡುಗೆಮನೆ ಚಾಕು ಈ ಕೆಲಸಕ್ಕಲ್ಲ. ಎರಡನೆಯದು ತೊಳೆಯದೆ ನೋಡುವುದು. ನೀಲಿ ಲೋಳೆ ಮುಚ್ಚಿಕೊಂಡ ಅಲಗಿನಲ್ಲಿ ಕೆಳಗಿನ ಕೆಂಪು ಕಾಣುವುದಿಲ್ಲ. ಕತ್ತಿಯ ಬಗ್ಗೆಯೇ ಅನುಮಾನವಿದ್ದರೆ ಮೊದಲು ಬರೀ ಮೈಲುತುತ್ತದ ನೀರಿನಲ್ಲಿ ಅದ್ದಿ ನೋಡಿ. ಅಲ್ಲಿ ಒಂದೆರಡು ನಿಮಿಷದಲ್ಲಿ ಕೆಂಪಾಗಲೇಬೇಕು.

ಸರಿಯಾದ ಬೋರ್ಡೋದಲ್ಲೂ 254 ಗ್ರಾಂ ತಾಮ್ರ ಇದ್ದೇ ಇದೆ. ಮತ್ತೆ ಕತ್ತಿ ಯಾಕೆ ಬಿಳಿಯಾಗೇ ಉಳಿಯಿತು? ಸರಣಿ ಹೇಳುವುದು ಕರಗಿದ ಅಯಾನುಗಳ ಮಾತು. ಹೈಡ್ರಾಕ್ಸೈಡ್ ಆಗಿ ಘನರೂಪಕ್ಕೆ ಬಂದ ತಾಮ್ರ ಕಬ್ಬಿಣದ ಕೈಗೆ ಸಿಗುವುದಿಲ್ಲ, ಮೇಲಾಗಿ ಕ್ಷಾರದಲ್ಲಿ ಕಬ್ಬಿಣವೂ ಜಡವಾಗುತ್ತದೆ. ಪಾತ್ರೆಗೆ ಕಬ್ಬಿಣ ಬೇಡ, ಪರೀಕ್ಷೆಗೆ ಕಬ್ಬಿಣವೇ ಬೇಕು ಎಂಬ ಒಗಟು ಇಲ್ಲಿ ಬಿಡಿಸಿಕೊಳ್ಳುತ್ತದೆ: ಕಬ್ಬಿಣಕ್ಕೆ ಅಪಾಯ ಬೆರೆಸುವ ಮೊದಲಿನ ಮೈಲುತುತ್ತದ ನೀರು, ಬೆರೆಸಿ ಮುಗಿದ ಬೋರ್ಡೋ ಅಲ್ಲ.

ಕತ್ತಿಯ ಜೊತೆಗೆ ಅರಿಶಿನವನ್ನೂ ಬಳಸಿ. ಬಿಳಿ ಕಾಗದಕ್ಕೆ ಅರಿಶಿನದ ನೀರು ಬಳಿದು ಒಣಗಿಸಿಟ್ಟುಕೊಂಡು, ಒಂದು ಹನಿ ದ್ರಾವಣ ಹಾಕಿ. ಕುಂಕುಮದ ಕೆಂಪಿಗೆ ತಿರುಗಿದರೆ ಸುಣ್ಣ ಮೇಲುಗೈಯಾಗಿದೆ. ಕತ್ತಿ ಬಿಡಿ ತಾಮ್ರವನ್ನು ಹಿಡಿಯುತ್ತದೆ, ಅರಿಶಿನ ಹೆಚ್ಚುಳಿದ ಸುಣ್ಣವನ್ನು. ಎರಡೂ ಪಾಸಾದರೆ ಮದ್ದು ಹೊಡೆಯಬಹುದು.

ಕೆಟ್ಟರೆ ಕಾರಣ ಏನು

ಕಪ್ಪು ಬಂದರೆ ಬಿಸಿ ಬಿಸಿಯಾಗಿ ಬೆರೆಸಿದ್ದೀರಿ. ತಾಮ್ರದ ಹೈಡ್ರಾಕ್ಸೈಡ್ ಬಿಸಿಗೆ ನೀರು ಕಳಕೊಂಡು ಕಪ್ಪು ಆಕ್ಸೈಡ್ ಆಗುತ್ತದೆ. ವೇಲೆನ್ಸಿ ಬದಲಾಗಿಲ್ಲ, ಎರಡೇ, ಆದರೆ ಅಂಟುವ ಗುಣ ಹೋಯಿತು. ಸುಣ್ಣ ಅರಳಿಸಿ ತಣಿಯುವ ಮೊದಲೇ ಬೆರೆಸುವುದು ಇದರ ಸಾಮಾನ್ಯ ಕಾರಣ.

ತುಕ್ಕಿನ ಕಂದು ಬಣ್ಣ ಕಂಡರೆ ಅನ್ನಭೇದಿಯ ಬೆರಕೆ, ಇಲ್ಲವೇ ಮೈಲುತುತ್ತ ನೆನೆಸಿದ ಪಾತ್ರೆಗೆ ಕಬ್ಬಿಣ ತಾಗಿದೆ. ಎರಡರ ವೇಲೆನ್ಸಿಯ ಕಬ್ಬಿಣ ಸುಣ್ಣದ ನೀರಿನಲ್ಲಿ ಹಸಿರಾಗಿ ಇಳಿದು, ಗಾಳಿ ತಾಗಿ ಮೂರಕ್ಕೆ ಏರಿ ಕಂದಾಗುತ್ತದೆ.

ನಿನ್ನೆಯ ದ್ರಾವಣ ಇವತ್ತಿಗೆ ಬೇಡ. ಲೋಳೆ ನಿಂತಲ್ಲೇ ಹರಳುಗಟ್ಟಿ ಮರಳಿನಂತಾಗುತ್ತದೆ, ಮಳೆಗೆ ತೊಳೆದುಹೋಗುತ್ತದೆ. ಮಳೆ ಬಂದು ಕೆಲಸ ನಿಂತರೆ ಸ್ವಲ್ಪ ಬೆಲ್ಲ ಕರಗಿಸಿ ಹಾಕಿ ಮರುದಿನದವರೆಗೆ ಉಳಿಸುವ ರೂಢಿಯಿದೆ, ಸಕ್ಕರೆಯ ಅಣು ತಾಮ್ರದ ಕಣಕ್ಕೆ ಅಂಟಿ ಹರಳುಗಟ್ಟುವುದನ್ನು ತಡೆಯುತ್ತದೆ. ಬೇರೆ ಕೀಟನಾಶಕ ಇದಕ್ಕೇ ಬೆರೆಸಿ ಒಂದೇ ಸಲ ಹೊಡೆಯುವ ಆಸೆ ಬೇಡ. ದ್ರಾವಣದ ಪಿಎಚ್ 12ರ ಹತ್ತಿರ ಇರುತ್ತದೆ, ಬಹಳಷ್ಟು ಕೀಟನಾಶಕ ಆ ಕ್ಷಾರದಲ್ಲಿ ಒಡೆದುಹೋಗುತ್ತವೆ.

ಕರಗದ ತಾಮ್ರ ರೋಗವನ್ನು ಹೇಗೆ ತಡೆಯುತ್ತದೆ ಎಂದು ಕೇಳಬಹುದು. ಮಳೆನೀರಿನಲ್ಲಿ ಕರಗಿದ ಇಂಗಾಲದ ಡೈಆಕ್ಸೈಡ್, ಮೊಳೆಯುವ ಬೀಜಕಣ ಸ್ರವಿಸುವ ಆಮ್ಲ, ಇವು ಸೇರಿ ಕೊನೆಯ ಮೇಲಿನ ಲೇಪದಿಂದ ಚೂರುಚೂರೇ ತಾಮ್ರದ ಅಯಾನು ಬಿಡಿಸುತ್ತವೆ. ಕೊಳೆರೋಗ ತರುವ, ಫೈಟಾಫ್ತೊರಾ ಎಂಬ ಶಿಲೀಂಧ್ರದಂಥ ಜೀವಿಯ ಈಜುವ ಬೀಜಕಣಕ್ಕೆ ಅಷ್ಟು ಸಾಕು, ಕಾಯಿಗೆ ಅದರಿಂದ ತೊಂದರೆಯಿಲ್ಲ. ಆದ್ದರಿಂದಲೇ ರೋಗ ಬರುವ ಮೊದಲೇ ಲೇಪ ಇರಬೇಕು: ಮುಂಗಾರು ಕಟ್ಟುವ ಮುಂಚೆ ಒಂದು ಸಲ, 40–45 ದಿನಕ್ಕೆ ಇನ್ನೊಂದು, ಮಳೆ ಬಿಡದಿದ್ದರೆ ಮೂರನೆಯದು. ಫ್ರಾನ್ಸಿನ ಮೆಡಾಕ್‌ನಲ್ಲಿ ದಾರಿಹೋಕರು ದ್ರಾಕ್ಷಿ ಕೀಳದಿರಲಿ ಎಂದು ಬಳಿದ ಈ ನೀಲಿ ಮದ್ದು ಬೂಜುರೋಗವನ್ನೂ ತಡೆದದ್ದನ್ನು ಸಸ್ಯವಿಜ್ಞಾನಿ ಪಿಯರ್ ಮಿಲಾರ್ಡೆ 1882ರಲ್ಲಿ ಗಮನಿಸಿ 1885ರಲ್ಲಿ ಪ್ರಕಟಿಸಿದರು. ಮೈಸೂರು ಸಂಸ್ಥಾನದಲ್ಲಿ ಅದನ್ನು ಅಡಿಕೆ ಕೊನೆಗೆ ಒಗ್ಗಿಸಿದವರು ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್.

ಶಾಲೆಯ ಮೇಜಿನ ಮೇಲೆ: ಕಬ್ಬಿಣದ ವೇಲೆನ್ಸಿ ತೂಗಿ ನೋಡುವುದು

ಕತ್ತಿ ಪರೀಕ್ಷೆಯಲ್ಲಿ ಕಬ್ಬಿಣ 2 ಆಗಿ ಹೋಯಿತೋ 3 ಆಗಿ ಹೋಯಿತೋ? 0.01 ಗ್ರಾಂ ತೋರಿಸುವ ತಕ್ಕಡಿ ಇದ್ದರೆ ಒಂದು ತರಗತಿಯಲ್ಲೇ ತೀರ್ಮಾನ ಮಾಡಬಹುದು. 50 ಮಿ.ಲೀ. ಬಿಸಿನೀರಿಗೆ 10 ಗ್ರಾಂ ಮೈಲುತುತ್ತ ಕರಗಿಸಿ. ಅದಕ್ಕೆ 1.40 ಗ್ರಾಂ ಸಣ್ಣ ಕಬ್ಬಿಣದ ರಜವನ್ನು ಸ್ವಲ್ಪ ಸ್ವಲ್ಪವೇ ಹಾಕುತ್ತ ಗಾಜಿನ ಕಡ್ಡಿಯಲ್ಲಿ ಹತ್ತು ನಿಮಿಷ ತಿರುಗಿಸಿ. ಮೈಲುತುತ್ತ ಬೇಕಾದದ್ದಕ್ಕಿಂತ ಹೆಚ್ಚಿದೆ, ಹಾಗಾಗಿ ಕೊನೆಗೂ ನೀಲಿ ಉಳಿಯಬೇಕು. ಪೂರ್ತಿ ಹಸಿರಾದರೆ ಹರಳಿನ ತೂಕ ತಪ್ಪಿದೆ. ಕೆಂಪು ಪುಡಿಯನ್ನು ಮೊದಲೇ ತೂಗಿಟ್ಟ ಸೋಸುಕಾಗದದಲ್ಲಿ ಸೋಸಿ, ಮೂರು ಸಲ ನೀರು, ಒಂದು ಸಲ ಸ್ಪಿರಿಟ್ ಹಾಕಿ ತೊಳೆದು, ಬಿಸಿಲಲ್ಲಿ ಅಥವಾ ಬಿಸಿನೀರಿನ ಪಾತ್ರೆಯ ಮೇಲೆ ಒಣಗಿಸಿ ತೂಗಿ.

ಕಬ್ಬಿಣ 2 ಆಗಿ ಹೋಗಿದ್ದರೆ ತಾಮ್ರ 1.59 ಗ್ರಾಂ ಬರಬೇಕು. 3 ಆಗಿದ್ದರೆ 2.38. ಬರುವುದು 1.59ರ ಆಸುಪಾಸು. ರಜದ ಕಣ ದಪ್ಪವಿದ್ದರೆ ಮೇಲೆ ತಾಮ್ರ ಮುಚ್ಚಿ ಒಳಗೆ ಕಬ್ಬಿಣ ಉಳಿಯುತ್ತದೆ, ಕಾಗದದ ಕೆಳಗೆ ಅಯಸ್ಕಾಂತ ಆಡಿಸಿದರೆ ಗೊತ್ತಾಗುತ್ತದೆ. ಆದರೆ ಎರಡೂ ಲೋಹದ ಸಮಾನ ತೂಕ ಹತ್ತಿರ ಹತ್ತಿರ ಇರುವುದರಿಂದ 0.1 ಗ್ರಾಂ ಕಬ್ಬಿಣ ಉಳಿದರೂ ಮೊತ್ತದಲ್ಲಿ 0.01 ಗ್ರಾಂ ಅಷ್ಟೇ ವ್ಯತ್ಯಾಸ. ದೊಡ್ಡ ತಪ್ಪು ಆಗುವುದು ಒಣಗಿಸುವಾಗ. ಉರಿಯ ಮೇಲಿಟ್ಟರೆ ತಾಮ್ರ ಕಪ್ಪು ಆಕ್ಸೈಡಾಗಿ, ಪೂರ್ತಿ ತಿರುಗಿದರೆ 1.99 ಗ್ರಾಂ ತೂಗಿ, 2 ಮತ್ತು 3ರ ಮಧ್ಯೆ ಎಲ್ಲೋ ನಿಂತು ತರಗತಿಯನ್ನೇ ಗೊಂದಲಕ್ಕೆ ಹಾಕುತ್ತದೆ. ಪುಡಿ ಕೆಂಪಾಗಿದ್ದರೆ ಮಾತ್ರ ಆ ತೂಕ ನಂಬಿ.

ಸೋಸಿದ ನೀಲಿ ನೀರನ್ನು ಸಿಂಕಿಗೆ ಚೆಲ್ಲಬೇಡಿ. ಉಕ್ಕಿನ ಉಲ್ಲನ್ ಚೂರು ಹಾಕಿ ಒಂದು ದಿನ ಬಿಟ್ಟರೆ ಉಳಿದ ತಾಮ್ರವೂ ಇಳಿಯುತ್ತದೆ, ನೀಲಿ ಹೋಗುತ್ತದೆ. ತೋಟದಲ್ಲಿಯೂ ಡ್ರಮ್, ಪಂಪು ತೊಳೆದ ನೀರನ್ನು ಕೆರೆಗೆ, ತೋಡಿಗೆ ಬಿಡಬಾರದು. ಬಹಳ ಸ್ವಲ್ಪ ತಾಮ್ರಕ್ಕೇ ಮೀನು ಸಾಯುತ್ತದೆ. ತೊಳೆದ ನೀರನ್ನೇ ಮರುದಿನದ ಸುಣ್ಣ ಕಲಸಲು ಬಳಸಿ. ತಾಮ್ರ ಧಾತುವಾದ್ದರಿಂದ ಕೊಳೆತು ಹೋಗುವುದಿಲ್ಲ, ಹೊಡೆದ ಪ್ರತಿ 100 ಲೀಟರಿನ 254 ಗ್ರಾಂ ಬಹುತೇಕ ಮಣ್ಣಿನಲ್ಲೇ ಉಳಿಯುತ್ತದೆ. ಹಾಗಾಗಿ ದ್ರಾವಣ ಕೊನೆಗೆ ತಾಗಲಿ, ಬುಡಕ್ಕೆ ಸುರಿಯದಿರಲಿ, ಮತ್ತು ಮೂರನೇ ಸಲದ ಮದ್ದನ್ನು ಮಳೆ ನೋಡಿಕೊಂಡೇ ಹೊಡೆಯಿರಿ.